ಫ್ರ್ಯಾಂಕ್ ಲೋವಿ: ಅಂಗಡಿ ಬಾಡಿಗೆಯಿಂದ ಬಂದ ಹಣ, ಅದು ಹೋದ ದಾರಿ

ಪ್ರಶ್ನೆ: ಧಾರವಾಡದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಬರಿಗೈಯಲ್ಲಿ ಪರದೇಶಕ್ಕೆ ಹೋಗಿ ಜಮೀನು ಮತ್ತು ಕಟ್ಟಡಗಳ ವ್ಯವಹಾರದಲ್ಲಿ ಬೆಳೆದವರ ಬಗ್ಗೆ ವಿದ್ಯಾರ್ಥಿಗಳಿಗಾಗಿ ಉಪನ್ಯಾಸವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದಕ್ಕೆ ವೆಸ್ಟ್‌ಫೀಲ್ಡ್ ಮಾಲ್‌ಗಳ ಸ್ಥಾಪಕರಲ್ಲೊಬ್ಬರಾದ ಆಸ್ಟ್ರೇಲಿಯಾದ ಫ್ರ್ಯಾಂಕ್ ಲೋವಿಯವರನ್ನು ಆರಿಸಿಕೊಂಡಿದ್ದೇನೆ. 1930ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಫಿಲ್ಯಾಕೊವೊ ಎಂಬ ಸಣ್ಣ ಊರಿನ ಯಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಬುಡಾಪೆಸ್ಟ್‌ನಲ್ಲಿ ಜೀವ ಉಳಿಸಿಕೊಂಡು, ಯುದ್ಧ ಮುಗಿದ ಮೇಲೆ ಪ್ಯಾಲೆಸ್ತೀನಿಗೆ ಹೊರಟ ಹಡಗನ್ನು ಬ್ರಿಟಿಷರು ತಡೆದದ್ದರಿಂದ ಸೈಪ್ರಸ್‌ನ ಶಿಬಿರದಲ್ಲಿ ಬಂಧಿಯಾಗಿದ್ದು, 1948ರ ಯುದ್ಧದಲ್ಲಿ ಇಸ್ರೇಲಿನ ಪರ ಹೋರಾಡಿ, 1952ರಲ್ಲಿ ಸಿಡ್ನಿಗೆ ಬಂದಿಳಿದವರು ಅವರು. ಇಷ್ಟರಮಟ್ಟಿಗೆ ನನಗೆ ಗೊತ್ತಿದೆ.

ನನಗೆ ಬಗೆಹರಿಯದ ವಿಷಯಗಳು ಎರಡು. ಕೈಯಲ್ಲಿ ಬಂಡವಾಳವೇ ಇಲ್ಲದ ಮನುಷ್ಯ, ಅದೂ ಮಾಂಸದ ತಿನಿಸುಗಳನ್ನು ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದವನು, ಏಳೆಂಟು ವರ್ಷಗಳೊಳಗೆ ವಾಣಿಜ್ಯ ಸಂಕೀರ್ಣ ಕಟ್ಟಿ ಷೇರುಪೇಟೆಗೆ ಬಂದದ್ದು ಹೇಗೆ? "ಕಷ್ಟಪಟ್ಟು ದುಡಿದರು" ಎಂಬ ಉತ್ತರ ನನಗೆ ಬೇಡ, ಏಕೆಂದರೆ ಕಷ್ಟಪಟ್ಟು ದುಡಿದವರೆಲ್ಲರೂ ಮಾಲ್ ಕಟ್ಟಿಲ್ಲ. ಎರಡನೆಯದು ಅವರ ದಾನದ ವಿಷಯ. ಸಣ್ಣ ಅಂಗಡಿಯವರಿಂದ ಬಿಡಿಗಾಸಿನ ಲೆಕ್ಕವನ್ನೂ ಬಿಡದೆ ಪಡೆದ ಬಾಡಿಗೆಯೇ ಮುಂದೆ ಸಂಶೋಧನಾ ಸಂಸ್ಥೆಗಳಿಗೆ ಕೊಡುಗೆಯಾಗಿ ಹೋದಾಗ, ಆ ಕೊಡುಗೆಯನ್ನು ಹೇಗೆ ತೂಗಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಲೆಕ್ಕಪರಿಶೋಧಕ, ಬೆಂಗಳೂರು

ಮೇಷ್ಟ್ರೇ, ನಿಮ್ಮ ಮೊದಲ ಪ್ರಶ್ನೆ ನನ್ನ ವೃತ್ತಿಗೆ ಹತ್ತಿರವಾದದ್ದರಿಂದ ಅದನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಲೋವಿ ಸರಕು ಹಾಕುತ್ತಿದ್ದ ಅಂಗಡಿಗಳಲ್ಲಿ ಒಂದು, ಸಿಡ್ನಿಯ ಟೌನ್‌ಹಾಲ್ ರೈಲು ನಿಲ್ದಾಣದ ಬಳಿ ಜಾನ್ ಸಾಂಡರ್ಸ್ ಎಂಬ ಹಂಗೇರಿಯನ್ ವಲಸಿಗನದಾಗಿತ್ತು. ಸಾಂಡರ್ಸ್ ನಾಜಿ ಶಿಬಿರಗಳಿಂದ ಬದುಕಿ ಬಂದವರು. ಇಬ್ಬರೂ ಸೇರಿ 1950ರ ದಶಕದ ನಡುವಿನಲ್ಲಿ ಸಿಡ್ನಿಯಿಂದ 30 ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕಿರುವ ಬ್ಲ್ಯಾಕ್‌ಟೌನ್‌ನಲ್ಲಿ ಒಂದು ತಿನಿಸಿನ ಅಂಗಡಿ ತೆರೆದರು. ಆಗ ಯುರೋಪಿನಿಂದ ಬಂದ ವಲಸಿಗರು ಅಗ್ಗದ ಮನೆ ಹುಡುಕಿಕೊಂಡು ಆ ಕಡೆಗೇ ಹೋಗುತ್ತಿದ್ದರು, ಮತ್ತು ಅವರಿಗೆ ಬೇಕಾದ ಸಾಸೇಜು, ಚೀಸು, ಒಳ್ಳೆಯ ಕಾಫಿ ಸುತ್ತಮುತ್ತ ಎಲ್ಲೂ ಸಿಗುತ್ತಿರಲಿಲ್ಲ. ಅಂಗಡಿ ನಡೆಯಿತು. ಆದರೆ ನಿಜವಾದ ಲಾಭ ಎಲ್ಲಿದೆಯೆಂಬುದು ಗಲ್ಲಾಪೆಟ್ಟಿಗೆಯ ಹಿಂದೆ ನಿಂತಾಗಲೇ ಅವರಿಗೆ ಕಂಡಿತು: ಜನ ಬಂದು ನೆಲೆಸುವ ಕಡೆ ಹೊಲದ ಬೆಲೆಗೆ ಜಾಗ ಕೊಂಡು, ನಿವೇಶನ ಮಾಡಿ ಮಾರಿದರೆ ಬರುವ ಹಣ ತಿನಿಸು ಮಾರಿ ಎಂದಿಗೂ ಬರುವುದಿಲ್ಲ. ಮೊದಮೊದಲು ಮಾಡಿದ್ದು ಅದನ್ನೇ. ನಮ್ಮ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಬಡಾವಣೆ ಮಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1959ರ ಜುಲೈನಲ್ಲಿ ಅದೇ ಬ್ಲ್ಯಾಕ್‌ಟೌನ್‌ನಲ್ಲಿ 'ವೆಸ್ಟ್‌ಫೀಲ್ಡ್ ಪ್ಲೇಸ್' ತೆರೆಯಿತು. ಅದರಲ್ಲಿ ಇದ್ದದ್ದು 12 ಸಣ್ಣ ಅಂಗಡಿಗಳು, ಎರಡು ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು, ಒಂದು ಸೂಪರ್‌ಮಾರ್ಕೆಟ್ ಮತ್ತು 50 ಕಾರುಗಳು ನಿಲ್ಲುವಷ್ಟು ಜಾಗ. 1960ರಲ್ಲಿ ಕಂಪನಿ ಷೇರುಪೇಟೆಗೆ ಬಂತು.

ಬಂಡವಾಳದ ಗುಟ್ಟು ಆ 12 ಅಂಗಡಿ ಮತ್ತು ಎರಡು ದೊಡ್ಡ ಮಳಿಗೆಗಳ ನಡುವಿನ ಸಂಬಂಧದಲ್ಲಿದೆ. ದೊಡ್ಡ ಮಳಿಗೆಯವರು ಚದರಡಿಗೆ ಕೊಡುವ ಬಾಡಿಗೆ ತೀರಾ ಕಡಿಮೆ, ಏಕೆಂದರೆ ಜನರನ್ನು ಎಳೆದು ತರುವವರು ಅವರೇ. ಎಳೆದು ತಂದ ಜನ ದಾರಿಯಲ್ಲಿ ನೋಡಿ ಕೊಳ್ಳುವ ಚಪ್ಪಲಿ ಅಂಗಡಿ, ಔಷಧ ಅಂಗಡಿ, ಒಡವೆ ಅಂಗಡಿಗಳು ಅದೇ ಚದರಡಿಗೆ ಹಲವು ಪಟ್ಟು ಹೆಚ್ಚು ಕೊಡುತ್ತವೆ. ಹೀಗಾಗಿ ಕಟ್ಟುವವನ ಕೆಲಸದ ಕ್ರಮವೇ ತಿರುವುಮುರುವು. ಮೊದಲು ದೊಡ್ಡ ಮಳಿಗೆಯವರಿಂದ ದೀರ್ಘಾವಧಿ ಕರಾರಿಗೆ ಸಹಿ ಮಾಡಿಸಿಕೊಳ್ಳುವುದು, ಆ ಕರಾರನ್ನು ತೋರಿಸಿ ಸಾಲ ಪಡೆಯುವುದು, ಕಟ್ಟಡ ಏಳುತ್ತಿರುವಾಗಲೇ ಸಣ್ಣ ಅಂಗಡಿಗಳನ್ನು ತುಂಬಿಸುವುದು, ತುಂಬಿದ ಕಟ್ಟಡವನ್ನು ಬರುವ ಬಾಡಿಗೆಯ ಆಧಾರದ ಮೇಲೆ ಮರುಮೌಲ್ಯಮಾಪನ ಮಾಡಿಸಿ, ಏರಿದ ಮೌಲ್ಯದ ಮೇಲೆ ಮುಂದಿನ ಕಟ್ಟಡಕ್ಕೆ ಸಾಲ ತರುವುದು. ಸಹಿ ಹಾಕಿದ ಕಾಗದವೇ ಬಂಡವಾಳ. ಈ ಪದ್ಧತಿಯನ್ನು ಕಂಡುಹಿಡಿದವರು ಲೋವಿ ಅಲ್ಲ. ಅಮೆರಿಕದಲ್ಲಿ ಅದು ಆಗಲೇ ಬಳಕೆಯಲ್ಲಿತ್ತು. ಅದನ್ನು ದಶಕಗಳ ಕಾಲ ಒಂದೇ ಶಿಸ್ತಿನಲ್ಲಿ ನಡೆಸಿದ್ದು ಅವರ ಸಾಧನೆ.

ಇದಕ್ಕಿಂತಲೂ ಚತುರವಾದದ್ದು ಆಮೇಲೆ ಬಂದ ಟ್ರಸ್ಟ್ ವ್ಯವಸ್ಥೆ. ಕಟ್ಟಡಗಳನ್ನು ಒಂದು ಆಸ್ತಿ ಟ್ರಸ್ಟಿಗೆ ವರ್ಗಾಯಿಸಿ, ಅದರ ಯೂನಿಟ್‌ಗಳನ್ನು, ಅಂದರೆ ಷೇರಿನಂಥ ಪಾಲುಗಳನ್ನು, ಸಾರ್ವಜನಿಕರಿಗೂ ಪಿಂಚಣಿ ನಿಧಿಗಳಿಗೂ ಮಾರಿ, ನಿರ್ವಹಣೆ, ನಿರ್ಮಾಣ ಮತ್ತು ಬಾಡಿಗೆ ವಸೂಲಿಯ ಗುತ್ತಿಗೆಯನ್ನು ಮಾತ್ರ ತಮ್ಮ ಕಂಪನಿಯಲ್ಲಿ ಉಳಿಸಿಕೊಂಡರು. ಬಾಡಿಗೆಯ ಆದಾಯ ಯೂನಿಟ್ ಕೊಂಡವರಿಗೆ ಹೋಗುತ್ತದೆ, ಬೆಲೆ ಕುಸಿದರೆ ಅದರ ನಷ್ಟವೂ ಅವರದೇ. ಕಟ್ಟುವವನಿಗೆ ಮಾತ್ರ ಶುಲ್ಕ ತಪ್ಪುವುದಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಹತ್ತಿರದ ಉದಾಹರಣೆ ಬೇಕೆಂದರೆ, 2023ರಲ್ಲಿ ನಮ್ಮ ಷೇರುಪೇಟೆಗೆ ಬಂದ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಇದೆ. ಭಾರತದಲ್ಲಿ ಮಾಲ್‌ಗಳಿಗಾಗಿಯೇ ಹುಟ್ಟಿದ ಮೊದಲ ಆಸ್ತಿ ಟ್ರಸ್ಟ್ ಅದು. ಕೋರಮಂಗಲದ ಹಳೆಯ ಫೋರಂ ಮಾಲ್ ಕೂಡ ಅದರಲ್ಲಿದೆ. ಆಸ್ತಿಯ ಒಡೆತನ ಬೇರೆ, ನಿರ್ವಹಣೆ ಬೇರೆ ಎಂಬ ತತ್ತ್ವ ಅಲ್ಲಿಯೂ ಕಾಣುತ್ತದೆ.

ಎಡವಿದ್ದೂ ಇದೆ. 1987ರಲ್ಲಿ ಟೆನ್ ಎಂಬ ದೂರದರ್ಶನ ಜಾಲವನ್ನು ಕೊಂಡದ್ದೇ ತಡ, ಆ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಕೆಲವೇ ವರ್ಷಗಳಲ್ಲಿ ಭಾರೀ ನಷ್ಟದೊಂದಿಗೆ ಅದರಿಂದ ಹೊರಬಂದರು. ಸಾಂಡರ್ಸ್ ವೆಸ್ಟ್‌ಫೀಲ್ಡ್ ಬಿಟ್ಟದ್ದೂ 1987ರಲ್ಲೇ. ಆಮೇಲೆ ವೆಸ್ಟ್‌ಫೀಲ್ಡ್ ಮತ್ತೆ ಮಾಲ್‌ಗಳಿಗೇ ಅಂಟಿಕೊಂಡಿತು. 1977ರಲ್ಲಿ ಕನೆಕ್ಟಿಕಟ್‌ನ ಒಂದು ಮಾಲ್ ಕೊಂಡು ಅಮೆರಿಕಕ್ಕೆ ಕಾಲಿಟ್ಟಿದ್ದ ಕಂಪನಿ, 2001ರ ಜುಲೈನಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಅಂಗಡಿ ಭಾಗವನ್ನು ಗುತ್ತಿಗೆಗೆ ಪಡೆಯಿತು. ಎರಡು ತಿಂಗಳೊಳಗೆ ಆ ಗೋಪುರಗಳೇ ಇರಲಿಲ್ಲ. ಅಲ್ಲಿಗೆ ಮರಳಿ ಬಂದು ಹೊಸ ಮಾಲ್ ತೆರೆದದ್ದು 2016ರಲ್ಲಿ. ಅಷ್ಟರೊಳಗೆ ಲಂಡನ್ನಿನಲ್ಲಿ 2008 ಮತ್ತು 2011ರಲ್ಲಿ ಎರಡು ದೈತ್ಯ ಮಾಲ್‌ಗಳು ಎದ್ದಿದ್ದವು. 2014ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಆಸ್ತಿಗಳನ್ನು ಸೆಂಟರ್ ಗ್ರೂಪ್ ಎಂಬ ಪ್ರತ್ಯೇಕ ಕಂಪನಿಗೆ ಬಿಟ್ಟುಕೊಟ್ಟು, ಉಳಿದದ್ದನ್ನು 2018ರಲ್ಲಿ ಫ್ರಾನ್ಸಿನ ಯುನಿಬೈಲ್-ರೊಡಾಮ್ಕೊ ಕಂಪನಿಗೆ ಸುಮಾರು 1,570 ಕೋಟಿ ಅಮೆರಿಕನ್ ಡಾಲರಿಗೆ ಮಾರಿದರು. ಆನ್‌ಲೈನ್ ಖರೀದಿ ಮಾಲ್‌ಗಳನ್ನು ಹಿಂಡತೊಡಗಿದ್ದ ಸಮಯ ಅದು. ಎರಡು ವರ್ಷಗಳ ನಂತರ ಕೋವಿಡ್ ಬಂದು ಕೊಂಡವರ ಷೇರು ಪಾತಾಳಕ್ಕಿಳಿಯಿತು. ಕೊಳ್ಳುವ ಜಾಣತನವನ್ನು ಪುಸ್ತಕಗಳು ಕಲಿಸಬಹುದು. ಅರವತ್ತು ವರ್ಷ ಕಟ್ಟಿದ್ದನ್ನು ಮಾರುವ ಹೊತ್ತು ಗುರುತಿಸುವವರು ನನ್ನ ಕಕ್ಷಿದಾರರಲ್ಲಿ ಒಬ್ಬರೂ ಇಲ್ಲ.

ಉತ್ತರ: ಪಶ್ಚಿಮ ಸಿಡ್ನಿಯಿಂದ

ಬ್ಲ್ಯಾಕ್‌ಟೌನ್ ಪಕ್ಕದಲ್ಲೇ ವಾಸಿಸುವವನಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಲೋವಿ ಶುರು ಮಾಡಿದ ಊರಿನಲ್ಲಿ ಇಂದು ದೊಡ್ಡ ಮಾಲ್ ಇದೆ, ಆದರೆ ಅದು ವೆಸ್ಟ್‌ಫೀಲ್ಡ್ ಅಲ್ಲ. ವೆಸ್ಟ್‌ಫೀಲ್ಡ್ ಬೇಕೆಂದರೆ ಮೌಂಟ್ ಡ್ರೂಯಿಟ್‌ಗೋ ಪ್ಯಾರಾಮಟಾಕ್ಕೋ ಹೋಗಬೇಕು. ಶನಿವಾರ ಬೆಳಿಗ್ಗೆ ಬ್ಲ್ಯಾಕ್‌ಟೌನ್ ನಿಲ್ದಾಣದ ಸುತ್ತ ನಡೆದರೆ ಕಾಣುವುದು ನಮ್ಮ ದೇಶದವರು, ಫಿಲಿಪ್ಪೀನ್ಸಿನವರು, ಆಫ್ರಿಕಾದವರು. ಸೋನಾ ಮಸೂರಿ ಅಕ್ಕಿಯ ಮೂಟೆ, ತೆಂಗಿನಕಾಯಿ, ಕರಿಬೇವು ಮಾರುವ ಅಂಗಡಿಗಳು. ತಮ್ಮವರಿಗೆ ಬೇಕಾದ ತಿನಿಸನ್ನು ತಮ್ಮವರೇ ತರಿಸಿ ಮಾರುವ ವ್ಯಾಪಾರ ಅಲ್ಲಿ ಇನ್ನೂ ನಡೆದಿದೆ, ಮಾರುವವರು ಮಾತ್ರ ಬದಲಾಗಿದ್ದಾರೆ.

ಆದರೆ ಲೋವಿಯ ಕಥೆಯನ್ನು ವಲಸಿಗರೆಲ್ಲರ ಕಥೆಯೆಂದು ಹೇಳುವಾಗ ಒಂದು ಸಂಗತಿಯನ್ನು ಮರೆಯುವಂತಿಲ್ಲ. 1952ರಲ್ಲಿ ಅವರು ಬಂದಾಗ ಇಲ್ಲಿ ಬಿಳಿಯರಿಗೆ ಮಾತ್ರ ಎಂಬ ವಲಸೆ ನೀತಿ ಜಾರಿಯಲ್ಲಿತ್ತು. ಯುದ್ಧಾನಂತರ ದೇಶಕ್ಕೆ ಜನ ಬೇಕಾಗಿದ್ದರು, ಆದರೆ ಅವರು ಯುರೋಪಿನವರಾಗಿರಬೇಕಿತ್ತು. ಅದೇ ವರ್ಷ ಮಂಗಳೂರಿನಿಂದಲೋ ಮೈಸೂರಿನಿಂದಲೋ ಅಷ್ಟೇ ಚುರುಕಾದ ಒಬ್ಬ ಹುಡುಗ ಹೊರಟಿದ್ದರೆ ಅವನಿಗೆ ಇಲ್ಲಿ ನೆಲೆಯೂರಲು ಅವಕಾಶವೇ ಇರುತ್ತಿರಲಿಲ್ಲ. ಆ ನೀತಿ ಪೂರ್ತಿ ಕೊನೆಗೊಂಡದ್ದು 1973ರಲ್ಲಿ, ಅಂದರೆ ವೆಸ್ಟ್‌ಫೀಲ್ಡ್ ಷೇರುಪೇಟೆಗೆ ಬಂದು ಹದಿಮೂರು ವರ್ಷಗಳಾದ ಮೇಲೆ. ಇದರಿಂದ ಲೋವಿಯ ಶ್ರಮ ಕಡಿಮೆಯಾಗುವುದಿಲ್ಲ. ತಂದೆಯನ್ನು ಕಳೆದುಕೊಂಡು ಮೂರು ದೇಶ ದಾಟಿ ಬಂದವರಿಗೆ ಯಾರೂ ಹಾಸಿಗೆ ಹಾಸಿ ಕಾದಿರಲಿಲ್ಲ. ಆದರೂ ಬಾಗಿಲು ಯಾರಿಗೆ ತೆರೆದಿತ್ತು ಎಂಬುದು ಲೆಕ್ಕಕ್ಕೆ ಬರಬೇಕು.

ದಾನದ ಬಗ್ಗೆ ಕೇಳಿದಿರಿ. ಇಲ್ಲಿನ ಸಾಮಾನ್ಯ ಜನರಿಗೆ ಲೋವಿ ಪರಿಚಯವಿರುವುದು ಬಹುಪಾಲು ಫುಟ್‌ಬಾಲ್‌ನಿಂದ. 2003ರಿಂದ 2015ರವರೆಗೆ ಅವರು ಆಸ್ಟ್ರೇಲಿಯಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದರು. ವಲಸಿಗರ ಆಟವೆಂದು ಮೂಲೆಗೆ ಸರಿದಿದ್ದ, ಒಳಜಗಳಗಳಲ್ಲಿ ಮುಳುಗಿದ್ದ ಕ್ರೀಡೆಗೆ 2005ರಲ್ಲಿ ಹೊಸ ಲೀಗ್ ಕಟ್ಟಿಕೊಟ್ಟರು. ಅದೇ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಉರುಗ್ವೆಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಆಸ್ಟ್ರೇಲಿಯಾ 1974ರ ನಂತರ ಮೊದಲ ಬಾರಿಗೆ ವಿಶ್ವಕಪ್ ಸೇರಿತು. 2006ರಲ್ಲಿ ಏಷ್ಯಾ ಒಕ್ಕೂಟಕ್ಕೆ ಸೇರಿದ್ದು ಅವರ ದೂರದೃಷ್ಟಿಯ ಕೆಲಸ ಎಂದು ನನ್ನ ಅಭಿಪ್ರಾಯ. ಆದರೆ 2022ರ ವಿಶ್ವಕಪ್ ಆತಿಥ್ಯಕ್ಕಾಗಿ ಸರ್ಕಾರದ ಕೋಟಿಗಟ್ಟಲೆ ಡಾಲರ್ ಖರ್ಚು ಮಾಡಿ 2010ರ ಡಿಸೆಂಬರ್‌ನಲ್ಲಿ ಪಡೆದದ್ದು ಒಂದೇ ಒಂದು ಮತ. ಅದನ್ನು ಜನ ಇನ್ನೂ ಆಡಿಕೊಳ್ಳುತ್ತಾರೆ. ಅಧ್ಯಕ್ಷ ಸ್ಥಾನವನ್ನು ಮಗ ಸ್ಟೀವನ್‌ಗೆ ಬಿಟ್ಟುಕೊಟ್ಟದ್ದಂತೂ ನಮ್ಮ ಸಹಕಾರಿ ಬ್ಯಾಂಕುಗಳನ್ನು ಕಂಡವರಿಗೆ ಹೊಸದೆನಿಸದು.

ಉತ್ತರ: ಕಣ್ಣಿನ ವೈದ್ಯೆ

ಮಾಲ್, ಫುಟ್‌ಬಾಲ್ ಎರಡೂ ನನಗೆ ದೂರ. ಆದರೆ ಲೋವಿ ಕುಟುಂಬದ ಹೆಸರು ನನ್ನ ವೃತ್ತಿಯಲ್ಲಿ ಕೇಳಿಬರುವುದು ಬೇರೆಯದೇ ಕಾರಣಕ್ಕೆ, ಮತ್ತು ಅವರ ಕೊಡುಗೆಗಳಲ್ಲಿ ಅತ್ಯಂತ ಕಡಿಮೆ ಪ್ರಚಾರ ಪಡೆದದ್ದೂ ಬಹುಶಃ ಇದೇ ಇರಬೇಕು.

ಅಕ್ಷಿಪಟಲದ ನಟ್ಟನಡುವಿನ ಭಾಗಕ್ಕೆ ಬರುವ ಮ್ಯಾಕ್‌ಟೆಲ್ ಎಂಬ ಒಂದು ಅಪರೂಪದ ಕಾಯಿಲೆ ಇದೆ. ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಶುರುವಾಗುತ್ತದೆ. ರೋಗಿ ನಡೆದಾಡಬಲ್ಲ, ಬಸ್ಸು ಹತ್ತಬಲ್ಲ, ಆದರೆ ಪತ್ರಿಕೆ ಹಿಡಿದರೆ ಸಾಲಿನ ನಡುವೆ ಒಂದೆರಡು ಅಕ್ಷರ ಕಾಣೆಯಾಗಿರುತ್ತವೆ. ಮಧುಮೇಹದಿಂದ ಬಂದದ್ದೆಂದೋ ವಯಸ್ಸಾದ್ದರಿಂದ ಆದದ್ದೆಂದೋ ತಪ್ಪಾಗಿ ತಿಳಿಯುವುದು ಸುಲಭ. ರೋಗಿಗಳ ಸಂಖ್ಯೆ ಕಡಿಮೆಯಾದ್ದರಿಂದ ಔಷಧ ಕಂಪನಿಗಳಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಲೋವಿಯವರ ಹಿರಿಯ ಮಗ ಡೇವಿಡ್‌ಗೆ ಈ ಕಾಯಿಲೆ ಇದೆಯೆಂದು ತಿಳಿದ ಮೇಲೆ ಕುಟುಂಬ 2005ರಲ್ಲಿ ಒಂದು ಅಂತರರಾಷ್ಟ್ರೀಯ ಸಂಶೋಧನಾ ಯೋಜನೆಗೆ ಹಣ ಕೊಡಲಾರಂಭಿಸಿತು. ಮುಂದೆ ಅದಕ್ಕಾಗಿಯೇ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಲೋವಿ ವೈದ್ಯಕೀಯ ಸಂಶೋಧನಾ ಸಂಸ್ಥೆ ನಿಂತಿತು.

ಹಣ ಹೋದದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಹಲವು ದೇಶಗಳ ರೋಗಿಗಳನ್ನು ಒಂದೇ ದಾಖಲೆಯಡಿ ತಂದು, ವರ್ಷವರ್ಷವೂ ಅವರ ಕಣ್ಣುಗಳನ್ನು ಪರೀಕ್ಷಿಸಿ ಹೋಲಿಸುವ ತಾಳ್ಮೆಯ ಕೆಲಸಕ್ಕೆ. ಅದರಿಂದಲೇ ಈ ರೋಗಿಗಳಲ್ಲಿ ಹಲವರ ರಕ್ತದಲ್ಲಿ ಸೆರೀನ್ ಎಂಬ ಅಮೈನೊ ಆಮ್ಲ ಕಡಿಮೆ ಇರುತ್ತದೆಂಬ ಮುಖ್ಯ ಸುಳಿವು ದೊರೆಯಿತು. ಕಣ್ಣಿನೊಳಗೆ ಪುಟ್ಟ ಡಬ್ಬಿಯಂಥ ಕವಚವೊಂದನ್ನಿಟ್ಟು, ಅದರೊಳಗಿನ ಜೀವಕೋಶಗಳು ನರಗಳನ್ನು ಕಾಪಾಡುವ ಪ್ರೋಟೀನನ್ನು ಸತತವಾಗಿ ಒಸರುವಂತೆ ಮಾಡುವ ಚಿಕಿತ್ಸೆಗೆ 2025ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ಕಳೆದುಹೋದ ದೃಷ್ಟಿಯನ್ನು ಅದು ಮರಳಿಸುವುದಿಲ್ಲ, ಹಾನಿಯ ವೇಗವನ್ನು ತಗ್ಗಿಸುತ್ತದೆ ಅಷ್ಟೆ. ಅದಕ್ಕೂ ಮೊದಲು ಈ ಕಾಯಿಲೆಗೆ ಹೆಸರಿಸುವಂಥ ಚಿಕಿತ್ಸೆಯೇ ಇರಲಿಲ್ಲ.

ಸ್ವಂತ ಮಗನಿಗಾಗಿ ಮಾಡಿದ್ದು ದಾನ ಹೇಗಾದೀತು ಎಂದು ಯಾರಾದರೂ ಕೇಳಬಹುದು. ನನ್ನ ಮುಂದೆ ಕುಳಿತ ರೋಗಿಗೆ ಆ ಪ್ರಶ್ನೆ ಬೇಕಿಲ್ಲ. ಇಪ್ಪತ್ತು ವರ್ಷ, ಫಲಿತಾಂಶದ ಭರವಸೆಯಿಲ್ಲದೆ ಒಂದೇ ಕಾಯಿಲೆಯ ಹಿಂದೆ ಹಣ ಹಾಕುವ ತಾಳ್ಮೆ ಸರ್ಕಾರಗಳಿಗೂ ಇರುವುದಿಲ್ಲ.

ಮರುಪ್ರಶ್ನೆ: ಧಾರವಾಡದ ಮೇಷ್ಟ್ರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಡಾಕ್ಟರ್ ಮೇಡಂ ಬರೆದದ್ದು ನಾನು ಎಲ್ಲಿಯೂ ಓದಿರಲಿಲ್ಲ. ಆದರೆ ಬಾಡಿಗೆದಾರರ ಕಡೆಯ ಮಾತು ಇನ್ನೂ ಬಂದಿಲ್ಲ. ತೆರಿಗೆಯ ವಿಷಯದಲ್ಲೂ ಅವರ ಹೆಸರು ಕೇಳಿಬಂದಿತ್ತಲ್ಲವೇ? ಜೊತೆಗೆ ಅವರು ಸ್ಥಾಪಿಸಿದ ವಿದೇಶಾಂಗ ಅಧ್ಯಯನ ಸಂಸ್ಥೆ ಲೋವಿ ಇನ್‌ಸ್ಟಿಟ್ಯೂಟ್ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಪತ್ರಕರ್ತ, ಮೈಸೂರು

ಲೋವಿ ಇನ್‌ಸ್ಟಿಟ್ಯೂಟ್ ಹೆಸರನ್ನು ನಮ್ಮ ಓದುಗರು ಅರಿಯದೆಯೇ ಓದಿದ್ದಾರೆ. ಏಷ್ಯಾದ ಶಕ್ತಿ ಸೂಚ್ಯಂಕದಲ್ಲಿ ಭಾರತ ಜಪಾನನ್ನು ಹಿಂದಿಕ್ಕಿ ಮೂರನೇ ಸ್ಥಾನಕ್ಕೇರಿತೆಂದು 2024ರಲ್ಲಿ ಸುದ್ದಿಯಾಯಿತಲ್ಲ, ಆ ಸೂಚ್ಯಂಕ ಈ ಸಂಸ್ಥೆಯದು. ಲೋವಿ ಆಸ್ಟ್ರೇಲಿಯಾಕ್ಕೆ ಬಂದು ಐವತ್ತು ವರ್ಷವಾದ ನೆನಪಿಗೆ 2003ರಲ್ಲಿ ಸಿಡ್ನಿಯಲ್ಲಿ ಸ್ಥಾಪಿಸಿದರು. ವಿದೇಶಾಂಗ ವಿಷಯಗಳಲ್ಲಿ ಆಸ್ಟ್ರೇಲಿಯಾದ ಜನ ಏನೆನ್ನುತ್ತಾರೆಂದು 2005ರಿಂದ ಪ್ರತಿವರ್ಷ ಸಮೀಕ್ಷೆ ಮಾಡುತ್ತದೆ; ಪೆಸಿಫಿಕ್ ದ್ವೀಪಗಳಿಗೆ ಯಾವ ದೇಶ ಎಷ್ಟು ನೆರವು ಕೊಡುತ್ತಿದೆಯೆಂಬ ಲೆಕ್ಕ ಇಡುತ್ತದೆ. ಆಸ್ಪತ್ರೆ, ಶಾಲೆ ಕಟ್ಟಿಸುವುದಕ್ಕೆ ಹೋಲಿಸಿದರೆ ಇದು ವಿಚಿತ್ರ ದಾನವೆನಿಸಬಹುದು. ಯಾವ ಬಡವನಿಗೂ ಇದರಿಂದ ನೇರವಾಗಿ ಅನ್ನ ಸಿಗುವುದಿಲ್ಲ. ಆದರೆ ದೇಶಗಳ ನಡುವಿನ ರಾಜಕೀಯ ಕೆಟ್ಟಾಗ ಒಂದು ಮನೆಗೆ ಏನಾಗುತ್ತದೆಂದು ಬುಡಾಪೆಸ್ಟ್‌ನಲ್ಲಿ ಕಂಡವರಿಗೆ ಇಂಥದ್ದೊಂದು ಸಂಸ್ಥೆ ಬೇಕೆನಿಸಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಇದಲ್ಲದೆ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ತೆರೆದ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಕುಟುಂಬ ಒಂದು ಕೋಟಿ ಡಾಲರ್ ಕೊಟ್ಟಿದೆ.

ಇನ್ನು ಬಾಡಿಗೆದಾರರು. ಮಾಲ್‌ನ ಅಂಗಡಿಯವನು ತನ್ನ ವಹಿವಾಟಿನ ಲೆಕ್ಕವನ್ನು ಮಾಲೀಕನಿಗೆ ಒಪ್ಪಿಸಬೇಕೆಂಬ ಷರತ್ತು ಆಸ್ಟ್ರೇಲಿಯಾದ ಮಾಲ್‌ಗಳಲ್ಲಿ ಸಾಮಾನ್ಯ. ಕರಾರು ನವೀಕರಿಸುವಾಗ ಅಂಗಡಿಯವನು ಎಷ್ಟು ತಾಳಬಲ್ಲನೆಂಬುದು ಮಾಲೀಕನಿಗೆ ಮೊದಲೇ ಗೊತ್ತಿರುತ್ತದೆ. ಎದುರಾಳಿಯ ಇಸ್ಪೀಟೆಲೆಗಳನ್ನು ನೋಡಿಕೊಂಡೇ ಆಡುವ ಆಟ ಅದು. ಸಣ್ಣ ವ್ಯಾಪಾರಿಗಳ ಸಂಘಗಳು ಅಲ್ಲಿ ಬಹುಕಾಲದಿಂದ ದೂರುತ್ತಿರುವುದು ಇದನ್ನೇ. 2004ರಲ್ಲಿ ಪಶ್ಚಿಮ ಸಿಡ್ನಿಯ ಲಿವರ್‌ಪೂಲ್ ಬಳಿ ಆರೆಂಜ್ ಗ್ರೋವ್ ಎಂಬ ರಿಯಾಯಿತಿ ದರದ ಮಾರಾಟ ಕೇಂದ್ರ ಮುಚ್ಚಬೇಕಾಯಿತು. ಆ ಜಾಗದಲ್ಲಿ ಅಂಥ ವ್ಯಾಪಾರಕ್ಕೆ ಅನುಮತಿಯಿಲ್ಲವೆಂದು ನ್ಯಾಯಾಲಯಕ್ಕೆ ಹೋದದ್ದು ವೆಸ್ಟ್‌ಫೀಲ್ಡ್. ಅದರ ಸ್ವಂತ ಮಾಲ್ ಅಲ್ಲೇ ಹತ್ತಿರದಲ್ಲಿತ್ತು. ನೂರಾರು ಜನ ಕೆಲಸ ಕಳೆದುಕೊಂಡರು. ರಾಜ್ಯ ಸರ್ಕಾರ ದೊಡ್ಡವರ ಪರ ವಾಲಿತೆಂಬ ಆರೋಪದ ಬಗ್ಗೆ ಭ್ರಷ್ಟಾಚಾರ ತನಿಖಾ ಆಯೋಗ ವಿಚಾರಣೆ ನಡೆಸಿ, ಭ್ರಷ್ಟಾಚಾರ ನಡೆದಿಲ್ಲವೆಂದು ವರದಿ ಕೊಟ್ಟಿತು. ಕಾನೂನಿನ ಪ್ರಕಾರ ವೆಸ್ಟ್‌ಫೀಲ್ಡ್ ಗೆದ್ದದ್ದು ಸರಿಯೇ. ಆದರೆ ಒಂದು ಕಾಲದಲ್ಲಿ ಅದೇ ಪಶ್ಚಿಮ ಸಿಡ್ನಿಯಲ್ಲಿ ಹೊಸಬನಾಗಿ ಅಂಗಡಿ ತೆರೆದವನು ಇನ್ನೊಬ್ಬ ಹೊಸಬನ ಅಂಗಡಿ ಮುಚ್ಚಿಸಲು ವಕೀಲರನ್ನು ಕಳಿಸಿದ್ದನ್ನು ನಾನಂತೂ ದಾನದ ಪಟ್ಟಿಯ ಪಕ್ಕದಲ್ಲೇ ಬರೆದಿಡುತ್ತೇನೆ.

ತೆರಿಗೆಯ ಮಾತು ನಿಜ. 2008ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೊಂದು ತೆರಿಗೆ ತಪ್ಪಿಸಲು ನೆರವಾಗುತ್ತಿದ್ದ, ಯುರೋಪಿನ ಪುಟ್ಟ ದೇಶ ಲಿಕ್ಟೆನ್‌ಸ್ಟೈನಿನ ಗುಪ್ತ ಬ್ಯಾಂಕ್ ಖಾತೆಗಳ ಬಗ್ಗೆ ವಿಚಾರಣೆ ನಡೆಸಿದಾಗ ಲೋವಿ ಕುಟುಂಬದ ಹೆಸರೂ ಬಂತು. ತಪ್ಪೇನೂ ಮಾಡಿಲ್ಲ, ಆ ಹಣ ಇಸ್ರೇಲಿನ ದತ್ತಿ ಕೆಲಸಗಳಿಗೆ ಹೋಗಿದೆ ಎಂದು ಲೋವಿ ಹೇಳಿದರು. ದಾನ ಮತ್ತು ಗುಪ್ತ ಖಾತೆ ಒಂದೇ ವಾಕ್ಯದಲ್ಲಿ ಬಂದರೆ ಹಳೆಯ ಪತ್ರಕರ್ತನಿಗೆ ಕಿವಿ ನೆಟ್ಟಗಾಗುತ್ತದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಆಧಾರವಿಲ್ಲ.

ಮೇಷ್ಟ್ರೇ, ನೀವು ಕೇಳದಿದ್ದರೂ ಇನ್ನೊಂದನ್ನು ಬರೆಯುತ್ತೇನೆ. 1944ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೇರಿಗೆ ನುಗ್ಗಿದಾಗ ಲೋವಿಯ ತಂದೆ ಹ್ಯೂಗೊ ಊರು ಬಿಡಲು ಟಿಕೆಟ್ ತರುತ್ತೇನೆಂದು ಬುಡಾಪೆಸ್ಟ್ ರೈಲು ನಿಲ್ದಾಣಕ್ಕೆ ಹೋದವರು ಮರಳಲಿಲ್ಲ. ಅವರಿಗೆ ಏನಾಯಿತೆಂಬುದು ಮನೆಯವರಿಗೆ ಗೊತ್ತಾದದ್ದು ನಾಲ್ಕೂವರೆ ದಶಕಗಳ ನಂತರ, ಅಂದು ಜೊತೆಗಿದ್ದು ಬದುಕುಳಿದ ಒಬ್ಬರಿಂದ: ಆಶ್ವಿಟ್ಜ್‌ನಲ್ಲಿ ಇಳಿದಾಗ, ಪ್ರಾರ್ಥನೆಯ ಶಾಲು ಮತ್ತಿತರ ವಸ್ತುಗಳಿದ್ದ ಚೀಲವನ್ನು ಬಿಡಲು ಒಪ್ಪದ್ದಕ್ಕೆ ಅಲ್ಲಿಯೇ ಹೊಡೆದು ಕೊಂದರು. ಹಂಗೇರಿಯ ಯಹೂದಿಗಳನ್ನು ಸಾಗಿಸಿದಂಥ ಮರದ ರೈಲು ಗಾಡಿಯೊಂದನ್ನು ದುರಸ್ತಿ ಮಾಡಿಸಲು ಲೋವಿ ಹಣ ಕೊಟ್ಟರು, ಮತ್ತು 2009ರಲ್ಲಿ ಅದನ್ನು ಆಶ್ವಿಟ್ಜ್ ಶಿಬಿರದ ಭಾಗವಾದ ಬಿರ್ಕೆನಾವ್‌ನ ಹಳಿಗಳ ಮೇಲೆ ನಿಲ್ಲಿಸಲಾಯಿತು. ಅವರ ಕೊಡುಗೆಗಳಲ್ಲಿ ಹಣದ ಲೆಕ್ಕದಲ್ಲಿ ಇದು ತೀರಾ ಸಣ್ಣದಿರಬೇಕು.

ಉತ್ತರ: ಲೆಕ್ಕಪರಿಶೋಧಕ, ಬೆಂಗಳೂರು

ಪತ್ರಕರ್ತರ ಮಾತಿಗೆ ಒಂದು ತಿದ್ದುಪಡಿಯಲ್ಲ, ಸೇರ್ಪಡೆ. ವಹಿವಾಟಿನ ಲೆಕ್ಕ ಒಪ್ಪಿಸುವ ಷರತ್ತು ಆಸ್ಟ್ರೇಲಿಯಾಕ್ಕೆ ಸೀಮಿತವಲ್ಲ. ಬೆಂಗಳೂರಿನ ಮಾಲ್‌ಗಳಲ್ಲಿಯೂ ಕನಿಷ್ಠ ಖಾತರಿ ಬಾಡಿಗೆ ಅಥವಾ ಮಾರಾಟದ ಶೇಕಡಾವಾರು ಪಾಲು, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಎಂಬ ಕರಾರುಗಳು ಸಾಮಾನ್ಯ. ಅಂಥ ಕರಾರಿನ ಅಡಿಯಲ್ಲಿ ಮಾರಾಟದ ಲೆಕ್ಕ ಮಾಲೀಕನಿಗೆ ಹೋಗಲೇಬೇಕು. ಮೇಷ್ಟ್ರೇ, ಉಪನ್ಯಾಸದ ದಿನ ವಿದ್ಯಾರ್ಥಿಗಳಿಗೆ ಹುಬ್ಬಳ್ಳಿಯ ಯಾವುದಾದರೂ ಮಾಲ್‌ನ ಚಪ್ಪಲಿ ಅಂಗಡಿಯವರನ್ನು ಮಾತನಾಡಿಸಿ ಬರಲು ಹೇಳಿ. ಚದರಡಿಗೆ ಅವರೆಷ್ಟು ಕೊಡುತ್ತಾರೆ, ಅದೇ ಕಟ್ಟಡದ ಸೂಪರ್‌ಮಾರ್ಕೆಟ್ ಎಷ್ಟು ಕೊಡುತ್ತದೆ ಎಂದು ಕೇಳಿಕೊಂಡು ಬಂದರೆ, ನಾನು ಮೇಲೆ ಬರೆದದ್ದರಲ್ಲಿ ಅರ್ಧವನ್ನು ನೀವು ಕಲಿಸಬೇಕಾಗಿಯೇ ಇಲ್ಲ.